ಮೂವತ್ತೊಂದು ಹಿಡಿ ಕಾವು

ಕ್ರಿಸ್ತಶಕ ೨೨೧೯, ಹದಿಮೂರನೇ ತಿಂಗಳು, ಮೂರನೇ ದಿನ
ಭಟ್ಟಿ ಬೀದಿ, ದಾವಣಗೆರೆ ಬಯಲು

ಇನ್ನೂರು ವರ್ಷ ಹಿಂದೆ ಇರುವ ಹಿರಿಯರಿಗೆ ಮುರಿಗೆಪ್ಪನ ಶರಣು.

ತಾರೀಖು ನೋಡಿ ಬರೆದವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳಿಗೆ ಮೂವತ್ತೇ ದಿನ. ಹನ್ನೆರಡು ತಿಂಗಳು ಮುಗಿದ ಮೇಲೆ ಐದು ದಿನ ಉಳಿಯುತ್ತವಲ್ಲ, ಅದಕ್ಕೆ ಅಳತೆ ತಿಂಗಳು ಎಂದು ಹೆಸರು. ಆ ಐದು ದಿನ ಪ್ರತಿಯೊಂದು ಬೀದಿಯೂ ತಾನು ಎಷ್ಟು ಕಾವು ಬಳಸುತ್ತದೆ ಎಂದು ಅಳೆದು ತೋರಿಸಬೇಕು. ಇಂದು ಅದರ ಮೂರನೇ ದಿನ. ಇನ್ನು ಮುಂದೆಯೂ ನಿಮ್ಮ ಕಿವಿಗೆ ಕೇಳದ ಮಾತುಗಳು ಬರುತ್ತವೆ, ಕ್ಷಮಿಸಿ. ನಾನು ಓದಿದ್ದು ಬೀದಿ ಶಾಲೆಯಲ್ಲಿ ಏಳನೇ ಪಾಠದವರೆಗೆ. ಎಂಟನೆಯದನ್ನು ಕಲಿಸಲು ಮೇಷ್ಟ್ರೇ ನನಗೆ ಹೆದರಿದರು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ನೀವು ನನ್ನ ಮುತ್ತಜ್ಜನ ಮುತ್ತಜ್ಜಂದಿರು, ನಿಜ. ಆದರೂ ಇದನ್ನು ಓದುವ ಬಹಳ ಮಂದಿ ವಯಸ್ಸಿನಲ್ಲಿ ನನಗಿಂತ ಕಿರಿಯರೇ ಇರುತ್ತೀರಿ, ನನಗೀಗ ಅರವತ್ತೆಂಟು. ಆದ್ದರಿಂದ ಮಾವನ ಸಲುಗೆಯಲ್ಲಿ ಬರೆಯುತ್ತೇನೆ.

ಬರೆಯುವುದಕ್ಕೆ ಕಾರಣವನ್ನೂ ಮೊದಲೇ ಹೇಳಿಬಿಡುತ್ತೇನೆ. ಇದು ದಂಡ. ನಮ್ಮಲ್ಲಿ ಅಳತೆ ತಪ್ಪಿಸಿದವನಿಗೆ ಸೆರೆಮನೆ ಇಲ್ಲ, ಆ ತಪ್ಪನ್ನು ಕಾಗದದ ಮೇಲೆ ಬಿಡಿಸಿ ಬರೆಯಬೇಕು. ಮುಂದೆ ಹುಟ್ಟುವವರಿಗೆ ಬರೆಯಬಹುದು, ಇಲ್ಲವೇ ಹಿಂದೆ ಬಾಳಿದವರಿಗೆ. ಮುಂದಿನವರಿಗೆ ಬರೆದರೆ ಓದಿ ಆಡಿಕೊಂಡು ನಗುತ್ತಾರೆ, ಹಿಂದಿನವರಿಗಾದರೆ ಉತ್ತರ ಬರುವ ಭಯವಿಲ್ಲ ಎಂದು ನಾನು ನಿಮ್ಮನ್ನು ಆರಿಸಿಕೊಂಡೆ. ಹಾಗೆ ಆರಿಸಿದ್ದು ಕಳ್ಳಬುದ್ಧಿಯಿಂದ. ಬರೆಯುತ್ತ ಹೋದಂತೆ, ಈ ಮಾತು ಸೇರಬೇಕಾದ ಜಾಗ ನಿಮ್ಮದೇ ಎಂದು ಗಟ್ಟಿಯಾಯಿತು.

ಮೊದಲು ನಮ್ಮ ಬೀದಿಯನ್ನು ನೋಡಿ. ನೂರ ಹನ್ನೆರಡು ಮನೆ, ಒಂದೇ ಬೆಂಕಿ. ಮನೆಗೊಂದು ಒಲೆ, ಬಚ್ಚಲಿಗೊಂದು ಕಾಯಿಸುವ ಯಂತ್ರ ಇದ್ದ ಕಾಲ ನಿಮ್ಮದು. ನಮಗೆ ಅದು ಕಥೆ. ಸೂರಿನ ಮೇಲೆ ಬಿಸಿಲಿನಿಂದ ಬರುವ ಕರೆಂಟು ಬೇಕಾದಷ್ಟಿದೆಯಲ್ಲ ಎನ್ನುತ್ತೀರಿ. ಇದೆ. ಅದು ಮೊದಲು ಆಸ್ಪತ್ರೆಗೆ, ನೀರೆತ್ತುವುದಕ್ಕೆ, ಕಾಳುಕಡ್ಡಿ ತಂಪಾಗಿಡುವುದಕ್ಕೆ, ಬಂಡಿ ಓಡಿಸುವುದಕ್ಕೆ. ಕರೆಂಟಿನಲ್ಲಿ ನೀರು ಕಾಯಿಸುವುದೆಂದರೆ ಗಂಧದ ಕೊರಡನ್ನು ಒಲೆಗೆ ತುರುಕಿದ ಹಾಗೆ. ನಮ್ಮ ಬೆಂಕಿ ಭತ್ತದ ಹೊಟ್ಟಿನದು. ಬೀದಿಯ ನಡುವೆ ಮಂಡಕ್ಕಿ ಭಟ್ಟಿ ಇದೆ. ನಿಮ್ಮ ಕಾಲದಲ್ಲೂ ಈ ಊರಿನಲ್ಲಿ ಭಟ್ಟಿಗಳಿದ್ದವಂತೆ, ಹೊಗೆ ಕಾರುತ್ತ, ಅರ್ಧ ಕಾವನ್ನು ಆಕಾಶಕ್ಕೆ ದಾನ ಮಾಡುತ್ತ. ನಮ್ಮ ಭಟ್ಟಿ ಆಕಾಶಕ್ಕೆ ಏನನ್ನೂ ಕೊಡುವುದಿಲ್ಲ. ಹೊಟ್ಟಿನ ಬೆಂಕಿ ಮೊದಲು ಮರಳನ್ನು ಕಾಯಿಸುತ್ತದೆ, ಆ ಮರಳಿನಲ್ಲಿ ಮಂಡಕ್ಕಿ ಅರಳುತ್ತದೆ. ಅಲ್ಲಿಂದ ಇಳಿದ ಕಾವು ಸಾಲು ಹಂಚುಗಳ ಅಡಿಗೆ ಹೋಗಿ ರೊಟ್ಟಿ ಬೇಯಿಸುತ್ತದೆ. ಅಲ್ಲಿಂದ ಬೇಳೆ ಗಡಿಗೆಗೆ, ಅಲ್ಲಿಂದ ಸ್ನಾನದ ಹಂಡೆಗಳಿಗೆ, ಆಮೇಲೆ ಮೆಣಸಿನಕಾಯಿ ಒಣಗಿಸುವ ಅಟ್ಟಕ್ಕೆ. ಎಲ್ಲ ಮುಗಿದು ಉಳಿದ, ನೀರು ಕುದಿಸಲಾರದಷ್ಟು ಸಣ್ಣ ಕಾವು ಬೀದಿಯ ಉದ್ದಕ್ಕೂ ಕಟ್ಟಿದ ಬೆನ್ನುಗೋಡೆಯೊಳಗೆ ಹರಿಯುತ್ತದೆ. ಚಳಿಗಾಲದ ಬೆಳಗ್ಗೆ ಮಂಡಿನೋವಿನವರೆಲ್ಲ ಆ ಗೋಡೆಗೆ ಒರಗಿ ಕೂತು ಊರಿನ ಮಾನ ಹರಾಜು ಹಾಕುತ್ತಾರೆ. ಈ ಇಳಿಜಾರಿಗೆ ಕಾವಿನ ಮೆಟ್ಟಿಲು ಎನ್ನುತ್ತೇವೆ. ಒಂದು ಬೆಂಕಿ ಆರು ಕೆಲಸ ಮಾಡದೆ ಆರುವ ಹಾಗಿಲ್ಲ, ಅದು ಕಾನೂನು.

ಕಾವನ್ನು ನಾವು ಹಿಡಿಯಲ್ಲಿ ಅಳೆಯುತ್ತೇವೆ. ಒಂದು ಸೇರು ಮಂಡಕ್ಕಿ ಅರಳುವುದಕ್ಕೆ ಎಷ್ಟು ಕಾವು ಬೇಕೋ ಅಷ್ಟು ಒಂದು ಹಿಡಿ. ಪ್ರತಿ ಬೀದಿಗೂ ಕಾವನ್ನು ಅಳೆದು ಬರೆಯುವವನೊಬ್ಬ ಇರುತ್ತಾನೆ, ಅವನು ಕಾವುಗಾರ. ಮೂವತ್ತೊಂದು ವರ್ಷ ಭಟ್ಟಿ ಬೀದಿಯ ಕಾವುಗಾರ ನಾನೇ. ಬೇರೆ ಬೀದಿಯವರಿಗೆ ಮಾಪಕ ಬೇಕು; ನನಗೆ ಕಿವಿ ಸಾಕು. ಮರಳಿನಲ್ಲಿ ಮಂಡಕ್ಕಿ ಅರಳುವ ಸದ್ದು ಕೇಳಿ, ಮರಳು ಎಷ್ಟು ಕಾದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಮಾಪಕವೂ ನಾನೂ ಬೇರೆ ಬೇರೆ ಹೇಳಿದ ದಿನ ಮಾಪಕವನ್ನು ರಿಪೇರಿಗೆ ಕಳಿಸುತ್ತಿದ್ದರು. ಇದು ಬಡಾಯಿಯಲ್ಲ, ದಾಖಲೆಯಿದೆ.

ಕಾನೂನು ಮಾಡುವ ಕ್ರಮ ಹೀಗೆ. ಹನ್ನೆರಡು ವರ್ಷಕ್ಕೊಮ್ಮೆ, ಅಳತೆ ತಿಂಗಳಲ್ಲಿ ತಲೆಗೆ ದಿನಕ್ಕೆ ಅತಿ ಕಡಿಮೆ ಕಾವು ಬಳಸಿದ ಬೀದಿಯನ್ನು ಮಿತಶಾಲೆ ಗುರುತಿಸುತ್ತದೆ. ಮಿತಶಾಲೆ ಎಂದರೆ, ಇರುವುದರಲ್ಲಿ ಬಾಳುವುದು ಹೇಗೆಂದು ಸಂಶೋಧನೆ ಮಾಡುವ ಮನೆ. ಗೆದ್ದ ಬೀದಿ ಮೂರು ತಿಂಗಳು ಅದೇ ಅಂಕಿಯಲ್ಲಿ ಬಾಳಿ ತೋರಿಸಬೇಕು. ತೋರಿಸಿದರೆ ಆ ಅಂಕಿಯೇ ಬಯಲಿನ ನಾಲ್ಕು ನೂರು ಬೀದಿಗಳಿಗೂ ಮುಂದಿನ ಹನ್ನೆರಡು ವರ್ಷದ ಮಿತಿ. ಅದಕ್ಕಿಂತ ಹೆಚ್ಚು ಹೊಟ್ಟು ಯಾರಿಗೂ ಸಿಗುವುದಿಲ್ಲ. ಹೋದ ಅಳತೆ ತಿಂಗಳು ಅಂಥ ಹನ್ನೆರಡನೇ ವರ್ಷದ್ದು.

ನಮ್ಮ ಎದುರಾಳಿ ಹೊಂಡದ ಬೀದಿ. ಅಲ್ಲಿನ ಕಾವುಗಾರ ಚನ್ನವೀರಪ್ಪ ಹಿಂದಿನ ಸಲ ಗೆದ್ದವನು, ಹನ್ನೆರಡು ವರ್ಷ ನನ್ನನ್ನು ಕಂಡಾಗಲೆಲ್ಲ ಮೀಸೆಯ ತುದಿ ಮುಟ್ಟಿಕೊಂಡವನು. ಅವನ ಆಗಿನ ಅಂಕಿ ಅರವತ್ತೇ ಹೋದ ವರ್ಷದವರೆಗಿನ ಮಿತಿ. ಈಗ ನಮ್ಮ ಬೀದಿಯ ನಿಜವಾದ ಬಳಕೆ ತಲೆಗೆ ಐವತ್ತೆಂಟು ಹಿಡಿ, ಅವರದು ಐವತ್ತೈದು ಎಂದು ಕೇಳಿದ್ದೆ. ನಾನು ಬೀದಿಯವರನ್ನೆಲ್ಲ ಬೆನ್ನುಗೋಡೆಯ ಹತ್ತಿರ ಕೂರಿಸಿ ಒಂದು ಉಪಾಯ ಹೇಳಿದೆ. ಅಳತೆ ತಿಂಗಳಿಗೆ ಹತ್ತು ದಿನ ಮುಂಚಿನಿಂದ, ಕಣಜದಲ್ಲಿ ಕೂಡಿದ ಹೊಟ್ಟು ಸುಟ್ಟು ಹಗಲೆಲ್ಲ ಮಂಡಕ್ಕಿ ಹುರಿದು ಮನೆಮನೆಯಲ್ಲೂ ಮೂಟೆ ಇಟ್ಟುಕೊಳ್ಳುವುದು. ಮೆಣಸಿನಕಾಯಿ ಮೊದಲೇ ಒಣಗಿಸುವುದು. ಹಿಂದಿನ ದಿನ ಎಲ್ಲರೂ ಎರೆದುಕೊಳ್ಳುವುದು. ಆ ಐದು ದಿನ ಹುರಿಯುವುದೂ ಬೇಡ, ಬೇಯಿಸುವುದೂ ಬೇಡ. ಬೆಳಗ್ಗೆ ಒಗ್ಗರಣೆ ಇಲ್ಲದ ಮಂಡಕ್ಕಿ, ಮಧ್ಯಾಹ್ನ ಮಂಡಕ್ಕಿಗೆ ಮೊಸರು, ಸಂಜೆ ಮಂಡಕ್ಕಿ ಬೆಲ್ಲ. ಭಟ್ಟಿ ಆರದಿರುವಷ್ಟು ಮಾತ್ರ ಹೊಟ್ಟು.

ಭಟ್ಟಿಯ ಯಜಮಾನಿ ಮೌಲಾಬಿ, ನಲವತ್ತು ವರ್ಷ ಮರಳಿನ ಮುಂದೆ ನಿಂತು ಅದೇ ಬಣ್ಣಕ್ಕೆ ಬಂದವಳು, ಒಬ್ಬಳೇ ತಕರಾರು ತೆಗೆದಳು.

“ಮುರಿಗೆಪ್ಪ, ಮುಂಚೆ ಸುಟ್ರೂ ಸುಟ್ಟಂಗೇ ಅಲ್ವೇನೋ?”

“ಅಳೆಯೋದು ಐದು ದಿನ ಅಕ್ಕ. ಮುಂಚಿನದ್ನ ಯಾರಪ್ಪ ಕೇಳ್ತಾನೆ?”

“ಹಂಗಾದ್ರೆ ನಾನು ಅಳತೆಗೆ ಮುಂಚೆ ಉಣ್ಣೋದೆಲ್ಲ ಉಂಡು, ಐದು ದಿನ ಉಪಾಸ ಅಂತ ಹೇಳ್ಕೊಂಡು ತಿರುಗ್ತೀನಿ ಬಿಡು.”

ಎಲ್ಲರೂ ನಕ್ಕರು. ನಗು ನನ್ನ ಪರವಾಗಿಯೇ ಇದೆ ಎಂದು ನಾನು ತಿಳಿದೆ. ಒಂದನ್ನು ಗಮನಿಸಿ. ಈ ತಪ್ಪು ಬೇರೆ ಯಾವ ಬೀದಿಯೂ ಮಾಡಲಾರದು ಎಂದು ಆಗ ನಂಬಿದ್ದೆ. ಬೇಯಿಸದೆ ಐದು ದಿನ ಬದುಕುವುದು ಮಂಡಕ್ಕಿಯವರಿಗೆ ಮಾತ್ರ ಸಾಧ್ಯ, ಏಕೆಂದರೆ ಹೋದ ವಾರದ ಬೆಂಕಿಯನ್ನು ನಾವು ಮೂಟೆ ಕಟ್ಟಿ ಇಟ್ಟಿದ್ದೆವು, ತಿಂದದ್ದು ಅದನ್ನೇ.

ಮೂವತ್ತೊಂದು ಹಿಡಿ ಬಂತು. ಹೊಂಡದ ಬೀದಿಯದು ಐವತ್ತೈದೇ. ಮಿತಶಾಲೆಯವರು ಮೂರು ಸಲ ಮಾಪಕ ತೊಳೆದು ನೋಡಿದರು. ನನಗೆ ಸೇವಂತಿಗೆ ಹಾರ ಹಾಕಿ ಬಂಡಿಯಲ್ಲಿ ಕೂರಿಸಿದರು. ಬಂಡಿ ಹೊಂಡದ ಬೀದಿಯ ಮೇಲೆ ಹೋಗಬೇಕಿರಲಿಲ್ಲ. ನಾನು ಹೇಳಿ ಹೋಗಿಸಿದೆ.

ಬಾಳಿ ತೋರಿಸುವ ಮೂರು ತಿಂಗಳು ಶುರುವಾಯಿತು. ಮೂವತ್ತೊಂದು ಹಿಡಿಗೆ ಎಷ್ಟು ಹೊಟ್ಟು ಬೇಕೋ ಅಷ್ಟೇ ಬಂತು. ಮೊದಲ ವಾರ ಮಂಡಕ್ಕಿ ಮೂಟೆಗಳಿದ್ದವು, ನಗುತ್ತ ಕಳೆದೆವು. ಎರಡನೇ ವಾರ ಮೂಟೆ ಬರಿದಾದವು. ಮೂರನೇ ವಾರದಿಂದ ರೊಟ್ಟಿ ದಿನ ಬಿಟ್ಟು ದಿನ, ಸ್ನಾನ ವಾರಕ್ಕೊಂದು. ಬೆನ್ನುಗೋಡೆ ತಣ್ಣಗಾಗಿ ಅದಕ್ಕೆ ಒರಗುವವರು ಇಲ್ಲವಾದರು. ಗೆದ್ದ ಬೀದಿಯೆಂಬ ಹೆಮ್ಮೆಗೆ ಯಾರೂ ಬಾಯಿ ಬಿಡಲಿಲ್ಲ. ನಾನು ಮಾತ್ರ ದಿನವೂ ಅಂಕಿ ಬರೆಯುತ್ತ, ಅಭ್ಯಾಸವಾಗುತ್ತದೆ ಎಂದು ಸಾರುತ್ತ ಓಡಾಡಿದೆ.

ಐವತ್ತನೇ ದಿನ ನನ್ನ ತಂಗಿಯ ಮಗಳು ದಾಕ್ಷಾಯಣಿ ಬಂದಳು. ಅವಳು ಮಿತಶಾಲೆಯಲ್ಲಿ ಸಂಶೋಧಕಿ, ಹೊಸ ಕಾನೂನಿನ ಕರಡು ಬರೆಯುವುದು ಅವಳದೇ ಕೆಲಸ. ಕೂಸಿದ್ದಾಗ ನನ್ನ ಹೆಗಲ ಮೇಲೆ ಬೆಳೆದವಳು. ಕೈಕಾಲು ತೊಳೆದು ನೇರವಾಗಿ ಹೊಟ್ಟಿನ ಕಣಜಕ್ಕೆ ಹೋಗಿ, ಒಳಗೆ ಇಣುಕಿ, ಹೊರಗೆ ಬಂದು ನನ್ನ ಪಕ್ಕ ಕೂತಳು.

“ಮಾವ, ನಿಮ್ಮ ಅಂಕಿ ಇಳಿದೈತಿ. ಅಳತೆಗೆ ಮುಂಚೆ ನಿಮ್ಮ ಕಣಜನೂ ಇಳಿದೈತಿ ಅಂತ ಒಳಗೆ ಗೋಡೆ ಮ್ಯಾಲೆ ನಿಮ್ಮೋರೇ ಬರೆದಿಟ್ಟಾರೆ. ಎರಡೂ ಒಟ್ಟಿಗೆ ಹೆಂಗೆ ಇಳೀತಾವೆ?”

“ಇಲಿ ಕಾಟ ಕಣವ್ವ.”

“ಹೊಟ್ಟು ತಿನ್ನೋ ಇಲಿ ಸಾಕೀದಿಯಾ ನೀನು?”

“ಈಗಿನ ಇಲಿ ಏನು ಬೇಕಾದ್ರೂ ತಿಂತಾವೆ.”

ಅವಳು ನಗಲಿಲ್ಲ. “ಕಣಜ ನೋಡಬೇಕು ಅಂತ ನಮ್ಮ ನಿಯಮದಾಗೆ ಇಲ್ಲ. ನಾನು ಹೇಳಿದ್ರೆ ಅದು ಅನುಮಾನ, ನೀನು ಹೇಳಿದ್ರೆ ಸಾಕ್ಷಿ. ಮಿತಿ ಗೊತ್ತು ಮಾಡೋ ಸಭೆಗೆ ಇನ್ನ ನಲವತ್ತು ದಿನ ಐತಿ,” ಎಂದು ಎದ್ದು ಹೋದಳು. ಊಟಕ್ಕೆ ನಿಲ್ಲಲಿಲ್ಲ. ನಿಂತಿದ್ದರೂ ಅವತ್ತು ರೊಟ್ಟಿಯ ದಿನವಾಗಿರಲಿಲ್ಲ.

ಅವಳ ಮಾತನ್ನು ನಾನು ಕೊಡವಿಕೊಂಡೆ. ಕೊಡವಿಕೊಳ್ಳಲು ಆಗದ್ದು ಬಂದದ್ದು ಎಂಟು ದಿನದ ಮೇಲೆ. ಮೌಲಾಬಿಯ ಸೊಸೆ ಶಮೀಮಳಿಗೆ ಹೆರಿಗೆಯಾಯಿತು, ಹೆಣ್ಣು ಕೂಸು. ಬಾಣಂತಿಗೆ ನೀರು ಹಾಕುವ ಪದ್ಧತಿ ನಿಮ್ಮಲ್ಲೂ ಇದ್ದದ್ದೇ. ನಲವತ್ತು ದಿನ, ಮೈ ತಾಳುವಷ್ಟು ಬಿಸಿ, ಹಂಡೆ ಹಂಡೆ ನೀರು. ನಮ್ಮ ಕಾಲದ ವೈದ್ಯರಲ್ಲಿ ಕೆಲವರು ಅಷ್ಟೆಲ್ಲ ಬೇಡ ಎನ್ನುತ್ತಾರೆ, ಕೆಲವರು ಬೇಕು ಎನ್ನುತ್ತಾರೆ. ಆದರೆ ಹೆತ್ತವಳ ಸೊಂಟಕ್ಕೆ ಬಿಸಿನೀರು ಬಿದ್ದಾಗ ಅವಳ ಮುಖ ನೋಡಿದವರು ವಾದಕ್ಕೆ ಹೋಗುವುದಿಲ್ಲ. ಅಳತೆಯ ಐದು ದಿನಗಳಲ್ಲಿ ಬೀದಿಯಲ್ಲಿ ಒಬ್ಬ ಬಾಣಂತಿಯೂ ಇರಲಿಲ್ಲ. ಮೂವತ್ತೊಂದು ಹಿಡಿಯೊಳಗೆ ಅವಳಿಗೆ ಜಾಗವೇ ಇರಲಿಲ್ಲ.

ಮೌಲಾಬಿ ದೂರು ಹೇಳಲಿಲ್ಲ. ತನ್ನ ಹುರಿಯುವ ಪಾಳಿಯನ್ನೇ ಬಿಟ್ಟು, ಆ ಹೊಟ್ಟನ್ನು ಹಂಡೆಯ ಅಡಿಗೆ ಹಾಕಿದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಭಟ್ಟಿಯ ಮರಳು ತಣ್ಣಗಿತ್ತು. ಬೆಳಗ್ಗೆ ಅಂಕಿ ಬರೆಯಲು ಹೋದವನಿಗೆ ಅರಳುವ ಸದ್ದು ಕೇಳಲಿಲ್ಲ. ಬಚ್ಚಲ ಬಾಗಿಲಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮೌಲಾಬಿ ನನ್ನನ್ನು ನೋಡಿದಳು.

“ಬಾರಪ್ಪ ಕಾವುಗಾರ. ನೀರು ಮುಟ್ಟಿ ನೋಡು.”

ಮುಟ್ಟಿದೆ. ಉಗುರು ಬೆಚ್ಚಗೂ ಇರಲಿಲ್ಲ.

“ಎಷ್ಟು ಹಿಡಿ ಐತಿ ಹೇಳು. ನೀನು ಕಿವೀಲೇ ಹೇಳೋ ಮನುಷ್ಯ.”

ನಾನು ತಲೆ ತಗ್ಗಿಸಿದೆ. ಇದು ನನ್ನ ಜೀವನದಲ್ಲಿ ಎರಡನೇ ಸಲ. ಮೊದಲನೆಯದು ನನ್ನ ಮದುವೆಯಲ್ಲಿ.

“ಇಲ್ಲೇನೋ ನನ್ನ ಪಾಳಿ ಐತಿ, ಬಿಟ್ಟುಕೊಟ್ಟೆ,” ಎಂದಳು ಮೌಲಾಬಿ. “ಆ ಹೊಂಡದ ಬೀದೀಲಿ ಭಟ್ಟಿ ಇಲ್ಲ. ಅಲ್ಲಿ ಹೆತ್ತೋಳಿಗೆ ಯಾರು ಏನು ಬಿಟ್ಟುಕೊಡ್ತಾರೆ? ಹನ್ನೆರಡು ವರ್ಷ ಅಂದ್ರೆ ಎಷ್ಟು ಕೂಸು, ನಿನಗೆ ಬರೋ ಎಣಿಕೇಲೇ ಎಣಿಸು.”

ಎಣಿಸಿದೆ. ನಾಲ್ಕು ನೂರು ಬೀದಿ, ಬೀದಿಗೆ ವರ್ಷಕ್ಕೆ ಮೂರೋ ನಾಲ್ಕೋ. ಹದಿನಾರು ಸಾವಿರದ ಮೇಲೆ ಬಾಣಂತಿಯರು. ಅಷ್ಟೂ ಜನಕ್ಕೆ ನನ್ನ ಹೆಸರಿನ ತಣ್ಣೀರು.

ಮೊದಲು ಸುಲಭದ ದಾರಿ ಹುಡುಕಿದೆ, ಸುಳ್ಳು ಹೇಳುವುದಿಲ್ಲ. ದಾಕ್ಷಾಯಣಿಯ ಬಳಿ ಹೋಗಿ, ಅಂಕಿ ಹಾಗೇ ಇರಲಿ, ಬಾಣಂತಿಯರಿಗೆ ಮಾತ್ರ ವಿನಾಯಿತಿ ಬರೆ ಎಂದೆ. ಅವಳು ಕರಡಿನಿಂದ ತಲೆ ಎತ್ತದೆ, “ಆಮೇಲೆ ಮಂಡಿನೋವಿನೋರಿಗೆ? ಸಾವಿನ ಮನೆಗೆ? ಮದುವೆ ಮನೆಗೆ? ಎಲ್ಲರಿಗೂ ವಿನಾಯಿತಿ ಕೊಟ್ರೆ ಆ ಮೂವತ್ತೊಂದು ಯಾರಿಗೆ ಮಾವ, ದೆವ್ವಗಳಿಗಾ?” ಎಂದಳು. ಅಂಕಿ ಸುಳ್ಳಾದರೆ ಅದಕ್ಕೆ ಎಷ್ಟು ತೇಪೆ ಹಾಕಿದರೂ ಅಂಗಿಯಾಗುವುದಿಲ್ಲ ಎಂದು ಅಲ್ಲಿಂದ ಬರುವ ದಾರಿಯಲ್ಲಿ ನನಗೇ ಹೊಳೆಯಿತು.

ಸಭೆ ಸೇರಿದ್ದು ಬೆಳಗಿನ ಬಿಸಿಲಲ್ಲಿ. ನಾಲ್ಕು ನೂರು ಬೀದಿಯ ಕಾವುಗಾರರು, ಮಿತಶಾಲೆಯವರು, ನೋಡಲು ಬಂದ ಜನ. ಹೊಸ ಮಿತಿಗೆ ಕೈ ಎತ್ತಿಸುವ ಮುಂಚೆ, ಗೆದ್ದ ಬೀದಿಯವರು ನಾಲ್ಕು ಮಾತಾಡಿ ಎಂದು ಕರೆದರು. ನಾನು ಎದ್ದು ನಿಂತು ಹೀಗೆ ಹೇಳಿದೆ: “ಇಷ್ಟು ಚೆಂದ ಮೋಸ ಈ ಬಯಲಿನಾಗೆ ಇನ್ನೊಬ್ಬ ಮಾಡಲಾರ, ಅದನ್ನ ಮೊದಲು ಒಪ್ಕಳ್ಳಿ. ಮೂವತ್ತೊಂದು ಸುಳ್ಳು. ಅಳತೆಗೆ ಮುಂಚಿನ ಹತ್ತು ದಿನ ನಾವು ಸುಟ್ಟಿದ್ದು ಸೇರಿಸಿದ್ರೆ ದಿನಕ್ಕೆ ಅರವತ್ತನಾಲ್ಕು. ಉಳಿತಾಯದಾಗೆ ಗೆಲ್ಲಾಕೆ ನಾವು ದಿನಾ ಸುಡೋದಕ್ಕಿಂತ ಹೆಚ್ಚು ಸುಟ್ಟೀವಿ. ಕಾವು ಎಲ್ಲಿ ಹೋಯ್ತು ಅಂದ್ರೆ, ಮಂಡಕ್ಕಿ ಒಳಗೆ ಕೂತಿತ್ತು. ಯಾರೂ ಮೂಟೆ ಬಿಚ್ಚಿ ನೋಡಲಿಲ್ಲ.”

ಆಮೇಲೆ ಚನ್ನವೀರಪ್ಪ ಎದ್ದ. ಮೀಸೆ ಮುಟ್ಟಿಕೊಳ್ಳುತ್ತಾನೆ ಎಂದುಕೊಂಡೆ. ಮುಟ್ಟಿಕೊಳ್ಳಲಿಲ್ಲ. “ನಮ್ಮದೂ ಐವತ್ತೈದಲ್ಲ,” ಎಂದ. “ಆ ಐದು ದಿನ ನಾವು ನಿಮ್ಮ ಮಂಡಕ್ಕೀನೇ ತಿಂದ್ವಿ.” ಅವನ ಹಿಂದೆ ಒಬ್ಬೊಬ್ಬರೇ ಏಳತೊಡಗಿದರು. ಒಬ್ಬ ಅವಲಕ್ಕಿ ಎಂದ, ಒಬ್ಬ ಪಕ್ಕದ ಬೀದಿಯಲ್ಲಿ ಕಾಯಿಸಿ ತಂದ ಹಂಡೆ ಎಂದ. ಮಧ್ಯಾಹ್ನದ ಹೊತ್ತಿಗೆ ಬಯಲಿನ ಒಂದು ಅಂಕಿಯೂ ನೆಟ್ಟಗೆ ನಿಂತಿರಲಿಲ್ಲ. ದಾಕ್ಷಾಯಣಿ ತನ್ನ ಕರಡನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರ ಮಾತನ್ನೂ ಬರೆದುಕೊಂಡಳು.

ಹೊಸ ಕಾನೂನು ಬಂದಿದೆ. ಮಿತಿ ಕಟ್ಟುವುದು ಐದು ದಿನದ ಅಳತೆಯಿಂದಲ್ಲ, ವರ್ಷವಿಡೀ ಕಣಜದಿಂದ ಹೋದದ್ದರಿಂದ. ಅಳತೆ ತಿಂಗಳು ಈಗ ಅದನ್ನು ತಾಳೆ ನೋಡುವುದಕ್ಕೆ ಮಾತ್ರ. ಪ್ರತಿ ಪದಾರ್ಥದ ಮೇಲೂ ಅದರ ಒಳಗಾವು, ಅಂದರೆ ಅದನ್ನು ಮಾಡುವಾಗ ಸುಟ್ಟ ಕಾವು, ಬರೆದಿರಬೇಕು. ಅದು ಹುರಿದವನ ತಲೆಗಲ್ಲ, ತಿಂದವನ ತಲೆಗೆ. ಗೆದ್ದವನ ಅಂಕಿ ಎಲ್ಲರ ಕುತ್ತಿಗೆಗೆ ಬೀಳುವ ಪದ್ಧತಿಯೂ ಹೋಯಿತು. ಪ್ರತಿ ಬೀದಿಯೂ ತನ್ನ ನಿಜವಾದ ಅಂಕಿಯಿಂದ ವರ್ಷಕ್ಕೆ ಒಂದು ಹಿಡಿ ಇಳಿಸಬೇಕು, ಅಷ್ಟೇ. ನನ್ನ ಕಾವುಗಾರಿಕೆ ಹೋಯಿತು. ಈಗ ಬೇಳೆ ಗಡಿಗೆಗಳ ಮೆಟ್ಟಿಲಲ್ಲಿ ಮುಚ್ಚಳ ಕಾಯುವ ಕೆಲಸ. ಅದರಲ್ಲೂ ನನ್ನಷ್ಟು ಚೆನ್ನಾಗಿ ಮುಚ್ಚುವವರು ಇಲ್ಲ. ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತುವ ಉಪಾಯ ನನ್ನದು. ಆ ಒಂದರಿಂದಲೇ ತಲೆಗೆ ಮುಕ್ಕಾಲು ಹಿಡಿ ಉಳಿದಿದೆ. ಮೌಲಾಬಿ ಭಟ್ಟಿಯ ಗಂಟಲನ್ನು ಕಿರಿದು ಮಾಡಿಸಿದಳು, ಒದ್ದೆ ಹೊಟ್ಟನ್ನು ಬೆನ್ನುಗೋಡೆಯ ಮೇಲೆ ಒಣಗಿಸಿ ಉರಿಸುತ್ತೇವೆ. ಈ ವರ್ಷ ಐವತ್ತಾರಕ್ಕೆ ಬಂದಿದ್ದೇವೆ, ಕಳ್ಳತನವಿಲ್ಲದ ಐವತ್ತಾರು. ಐವತ್ತಕ್ಕೆ ಇಳಿಸುವ ತನಕ ನಾನು ಸಾಯುವುದಿಲ್ಲ ಎಂದು ಸಾರಿದ್ದೇನೆ. ಬೀದಿಯವರು ಹಾಗಾದರೆ ನಿಧಾನಕ್ಕೆ ಇಳಿಸೋಣ ಎನ್ನುತ್ತಾರೆ; ಪ್ರೀತಿಯಿಂದಲೋ ಸೋಮಾರಿತನದಿಂದಲೋ ಗೊತ್ತಿಲ್ಲ.

ಇನ್ನು ನಿಮ್ಮ ಮಾತು. ದಾಕ್ಷಾಯಣಿ ಈಗ ನಿಮ್ಮ ಕಾಲದ ಕಾಗದಗಳನ್ನು ಓದುತ್ತಿದ್ದಾಳೆ. ನೀವು ಇಂಧನ ಉಳಿಸಿದ ವರದಿಗಳು, ನಕ್ಷೆಗಳು, ಪ್ರಶಸ್ತಿ ಪತ್ರಗಳು. ಬಹಳ ಚೆಂದದ ಅಂಕಿಗಳು. ಅವನ್ನು ನಂಬಿ ನಮ್ಮ ಅಜ್ಜಂದಿರು ಮೊದಲ ಮಿತಿಗಳನ್ನು ಕಟ್ಟಿದರು, ಮೂರು ತಲೆಮಾರು ಹೊಟ್ಟು ಸಾಲದೆ ಒದ್ದಾಡಿತು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅವಳು ಈಗ ಒಂದೊಂದನ್ನೇ ಬಿಚ್ಚಿ ನೋಡುತ್ತಿದ್ದಾಳೆ. ದೀಪ ಆರಿಸಿದ ಕಚೇರಿಯ ಅಂಕಿ ಇದೆ, ಆ ಕಚೇರಿ ದೂರದ ಊರಿನಿಂದ ತರಿಸಿಕೊಂಡ ಉಕ್ಕು, ಸಿಮೆಂಟು, ಗಾಜಿನ ಒಳಗಾವು ಎಲ್ಲೂ ಇಲ್ಲ. ತಪಾಸಣೆಯ ವಾರದ ಅಂಕಿ ಇದೆ, ಉಳಿದ ವಾರಗಳದ್ದು ಇಲ್ಲ. ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ, ಆ ವಿದ್ಯೆಯಲ್ಲಿ ನಾನು ನಿಮ್ಮ ಸರಿಯಾದ ವಾರಸುದಾರ. ಆದ್ದರಿಂದಲೇ ಕೇಳುವ ಹಕ್ಕಿದೆ ಎಂದುಕೊಂಡಿದ್ದೇನೆ.

ಅಳೆಯಿರಿ. ತಪಾಸಣೆಯವರು ಬರುವ ದಿನ ಬೇಡ, ಮನೆಯಲ್ಲಿ ಮದುವೆ ಇರುವ ದಿನ, ಸಾವಾದ ದಿನ, ಕೂಸು ಹುಟ್ಟಿದ ದಿನ ಅಳೆಯಿರಿ. ನಿಮಗಾಗಿ ಬೇರೆ ಊರಿನವರು ಹಚ್ಚಿದ ಬೆಂಕಿಯನ್ನೂ ಸೇರಿಸಿ ಬರೆಯಿರಿ. ಅಂಕಿ ಎಷ್ಟು ದೊಡ್ಡದಾದರೂ ನಾಚಬೇಡಿ. ದೊಡ್ಡದಿದ್ದರೆ ನಾವು ಒಂದೊಂದೇ ಹಿಡಿ ಇಳಿಸುತ್ತೇವೆ, ಅದು ನಮಗೆ ಬರುತ್ತದೆ. ನಿಜವಲ್ಲದ ಅಂಕಿಯಿಂದ ಎಲ್ಲಿಗೆ ಇಳಿಯಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಈ ವರ್ಷದ ಅಳತೆ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಇಬ್ಬರು ಬಾಣಂತಿಯರಿದ್ದಾರೆ. ಒಬ್ಬಳಿಗೆ ಅವಳಿ. ಹೊಸ ಕಾವುಗಾರ ಹುಬ್ಬು ಗಂಟಿಕ್ಕಿಕೊಂಡು, ಈ ವಾರ ಅರವತ್ತು ದಾಟುತ್ತದೆ ಎಂದು ಗೊಣಗುತ್ತಿದ್ದಾನೆ. ಅವನ ಕೈ ಹಿಡಿದು ಇದ್ದದ್ದನ್ನು ಇದ್ದಂತೆ ಬರೆಸಿದ್ದೇನೆ. ಹಂಡೆ ಕುದಿಯುತ್ತಿದೆ, ಹೊಟ್ಟು ಹಾಕಲು ಕರೆಯುತ್ತಿದ್ದಾರೆ. ಏಳುತ್ತೇನೆ.

ನಿಮ್ಮ ಮುರಿಗೆಪ್ಪ
ಮಾಜಿ ಕಾವುಗಾರ, ಈಗ ಮುಚ್ಚಳದವನು